ಲಿಂಟಲ್ ಹಂತದ ಫೋಟೊದಲ್ಲಿ ಎರಡು ಸಳಿ ಕಾಣಲಿ

ವಿಜಯಪುರ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪಂಚಾಯತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ, ಜಿಲ್ಲೆಯ ಎಲ್ಲ ಗ್ರಾಮ ಪಂಚಾಯತಿಗಳ ಅಧ್ಯಕ್ಷರಿಗೆ ಹಾಗೂ ಪಿಡಿಒಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನೆಲ ಅಲುಗಿದ ದಿನ ನಮ್ಮಲ್ಲಿ ಏನೇನು ನಡೆಯುತ್ತದೆ ಎಂಬುದು ಈಗ ಎಲ್ಲರಿಗೂ ಬಾಯಿಪಾಠ. ಮೊದಲು ದೂರದ ಕ್ವಾರಿಯಲ್ಲಿ ಮದ್ದು ಹಾರಿಸಿದಂಥ ಸದ್ದು, ಬೆನ್ನಿಗೇ ಅಡುಗೆಮನೆಯ ಪಾತ್ರೆಗಳ ಸಪ್ಪಳ. ಜನ ಅಂಗಳಕ್ಕೆ ಬರುತ್ತಾರೆ. ಅರ್ಧ ತಾಸಿನೊಳಗೆ ‘ರಾತ್ರಿ ಇನ್ನೊಂದು ದೊಡ್ಡದು ಬರತೈತಂತ’ ಎಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರುತ್ತದೆ. ಸಂಜೆಗೆ ಪ್ರಕಟಣೆ: ತೀವ್ರತೆ ಇಷ್ಟು, ಹಾನಿ ಆಗಿಲ್ಲ, ಸಾರ್ವಜನಿಕರು ಆತಂಕಪಡಬೇಕಿಲ್ಲ. 2022ರ ಜುಲೈ 9ರ ಬೆಳಿಗ್ಗೆ ಕನ್ನೂರ ಕಡೆ ಕೇಂದ್ರವಿದ್ದ, 4ನ್ನು ದಾಟಿದ ಕಂಪನ ಆದಾಗಲೂ ಹೀಗೇ ನಡೆಯಿತು. ಆಮೇಲಿನ ಸಣ್ಣಪುಟ್ಟವಕ್ಕೂ ಹೀಗೇ.

ಪ್ರಕಟಣೆಯಲ್ಲಿ ಸುಳ್ಳೇನೂ ಇಲ್ಲ. 4ರ ಆಸುಪಾಸಿನ ಕಂಪನಕ್ಕೆ ನೆಟ್ಟಗೆ ಕಟ್ಟಿದ ಮನೆ ಬೀಳುವುದಿಲ್ಲ. ಆದರೆ ಅದನ್ನು ಓದಿದವರಿಗೆ ನಾಳೆ ಬೆಳಿಗ್ಗೆ ಎದ್ದು ಮಾಡಬೇಕಾದ ಕೆಲಸ ಒಂದೂ ಸಿಗುವುದಿಲ್ಲ. ಈ ಪತ್ರ ಆ ಕೆಲಸದ ಬಗ್ಗೆ. ಕೇಳುತ್ತಿರುವುದು ಮುಖ್ಯವಾಗಿ ಒಂದೇ. ವಸತಿ ಯೋಜನೆಯ ಮನೆಗಳಿಗೆ ಕಂತು ಬಿಡುವ ಮುಂಚೆ ಜಿಪಿಎಸ್ ಫೋಟೊ ತೆಗೆಯುತ್ತೀರಲ್ಲ, ಅದರಲ್ಲಿ ಲಿಂಟಲ್ ಹಂತದ, ಅಂದರೆ ಗೋಡೆ ಬಾಗಿಲು ಕಿಟಕಿಗಳ ಮೇಲಂಚಿಗೆ ಬಂದಾಗಿನ, ಫೋಟೊವನ್ನು ಕಾಂಕ್ರೀಟ್ ಹಾಕುವ ಮೊದಲು ತೆಗೆಯಿರಿ. ಮನೆಯ ಸುತ್ತಲೂ, ನಾಲ್ಕೂ ಮೂಲೆ ತಿರುಗಿಕೊಂಡು, ಎರಡು ಸಳಿ (ಕಬ್ಬಿಣದ ಸರಳು) ಓಡಿರುವುದು ಅದರಲ್ಲಿ ಕಾಣಬೇಕು. ಕಾಣದಿದ್ದರೆ ಕಂತು ತಡೆಯಿರಿ.

ಇಷ್ಟು ಸಣ್ಣ ಸಂಗತಿಗೆ ಇಷ್ಟುದ್ದದ ಪತ್ರವೇಕೆ ಎನ್ನುವವರು ಮಹಾರಾಷ್ಟ್ರದ ಕಿಲ್ಲಾರಿಯ ಭೂಕಂಪವನ್ನು ನೆನಪಿಸಿಕೊಳ್ಳಬೇಕು. ವಿಜಯಪುರದಿಂದ ನೇರ ಅಳತೆಯಲ್ಲಿ ಆ ಊರು ಸುಮಾರು 160 ಕಿ.ಮೀ. ದೂರ. ಅಲ್ಲಿಯೂ ಇದೇ ಕಪ್ಪು ಬಸಾಲ್ಟ್ ಕಲ್ಲು, ಇದೇ ಎರೆಮಣ್ಣು, ಇದೇ ಜೋಳ, ಮಣ್ಣಿನ ಛಾವಣಿಯ ಇವೇ ಮಾಳಿಗೆ ಮನೆಗಳು. 1993ರ ಸೆಪ್ಟೆಂಬರ್ 30, ಗಣಪತಿ ಕಳಿಸಿ ಬಂದು ಮಲಗಿದ ರಾತ್ರಿ, ನಸುಕಿನ ನಾಲ್ಕಕ್ಕೆ ಕೆಲವೇ ನಿಮಿಷ ಬಾಕಿ. 6.2 ತೀವ್ರತೆ. ಸತ್ತವರು ಎಂಟರಿಂದ ಹತ್ತು ಸಾವಿರ. ಅಂದಿನ ಭೂಕಂಪ ನಕ್ಷೆಯಲ್ಲಿ ಆ ಪ್ರದೇಶ ಇದ್ದದ್ದು ಒಂದನೇ ವಲಯದಲ್ಲಿ, ಅಂದರೆ ಎಲ್ಲಕ್ಕಿಂತ ಕಡಿಮೆ ಅಪಾಯದ ಪಟ್ಟಿಯಲ್ಲಿ. 2002ರಲ್ಲಿ ನಕ್ಷೆ ತಿದ್ದಿದಾಗ ಒಂದನೇ ವಲಯವನ್ನೇ ಕೈಬಿಟ್ಟರು. ಭೂಕಂಪ ತಾಳುವ ಕಟ್ಟಡಗಳ ಸಂಹಿತೆಯಾದ ಐಎಸ್ 1893ರ 2016ರ ಪಟ್ಟಿಯಲ್ಲಿ ವಿಜಯಪುರ ಮತ್ತು ಬೆಳಗಾವಿ ಮೂರನೇ ವಲಯದಲ್ಲಿವೆ, ಕಲಬುರಗಿ ಮತ್ತು ಬೆಂಗಳೂರು ಎರಡನೆಯದರಲ್ಲಿ. ಬೆಂಗಳೂರಿನ ಬಹುಮಹಡಿ ಕಟ್ಟಡದ ಎಂಜಿನಿಯರ್ ಲೆಕ್ಕ ಹಿಡಿಯುವುದಕ್ಕಿಂತ ಹೆಚ್ಚಿನ ಅಲುಗಾಟದ ಲೆಕ್ಕವನ್ನು ತಿಕೋಟಾದ ಗೌಂಡಿ ಹಿಡಿಯಬೇಕು ಅಂತಾಯಿತು. ಗೌಂಡಿಗೆ ಇದನ್ನು ಯಾರು ಹೇಳಿದ್ದಾರೆ?

ಆಗಾಗ ಅಲುಗುವ ಸೀಮೆಯಲ್ಲಿ ನೆಲವೇ ಗೌಂಡಿಗೆ ಪಾಠ ಹೇಳಿಕೊಟ್ಟಿದೆ. ಹಿಮಾಚಲದ ಕಾಠ್-ಕುಣಿ ಗೋಡೆಯಲ್ಲಿ ಕಲ್ಲಿನ ಪದರುಗಳ ನಡುವೆ ಮರದ ತೊಲೆಗಳು ಓಡುತ್ತವೆ. ಕಾಶ್ಮೀರದ ಧಜ್ಜಿ ಗೋಡೆಯೆಂದರೆ ಮರದ ಚೌಕಟ್ಟಿನ ಸಣ್ಣ ಸಣ್ಣ ಮನೆಗಳಲ್ಲಿ ತುಂಬಿದ ಇಟ್ಟಿಗೆ. ಅಸ್ಸಾಮಿನಲ್ಲಿ ಹಗುರ ಗೋಡೆ, ತಗಡಿನ ಛಾವಣಿ. ನಮ್ಮ ನೆಲ ಅಂಥ ಪಾಠ ಹೇಳಲಿಲ್ಲ, ಬಿಸಿಲು ಹೇಳಿತು. ಎರಡು ಮೂರು ಅಡಿ ದಪ್ಪದ ಕಲ್ಲುಗೋಡೆ, ಮೇಲೆ ಒಂದೂವರೆ ಅಡಿ ಮಣ್ಣು, ಏಪ್ರಿಲ್ ಮಧ್ಯಾಹ್ನದಲ್ಲೂ ತಂಪು ಪಡಸಾಲೆ. ಬಿಸಿಲಿಗೆ ಹೇಳಿ ಮಾಡಿಸಿದ ಮನೆ ಅದು. ಅದನ್ನು ಕಟ್ಟಿದವರನ್ನು ದಡ್ಡರು ಅನ್ನುವವರಿಗೆ ನಮ್ಮ ಬೇಸಗೆ ಗೊತ್ತಿಲ್ಲ.

ಭೂಕಂಪ ನಮ್ಮಲ್ಲಿ ಅಪರೂಪವಾಗುವುದಕ್ಕೆ ಕಾರಣ ಸರಳ. ಭಾರತದ ಭೂಫಲಕ ವರ್ಷಕ್ಕೆ ಸುಮಾರು 5 ಸೆಂ.ಮೀ. ಉತ್ತರಕ್ಕೆ ಸರಿದು ಏಶ್ಯಾವನ್ನು ಒತ್ತುತ್ತಿದೆ. ಆ ಒತ್ತಡದ ಬಹುಪಾಲು ಹಿಮಾಲಯದ ಅಂಚಿನಲ್ಲಿ ತೀರಿದರೂ ಉಳಿದದ್ದು ಫಲಕದ ನಡುಭಾಗಕ್ಕೂ ಹರಡಿ, ಬಹಳ ಹಳೆಯ ಬಿರುಕುಗಳಲ್ಲಿ ನಿಧಾನವಾಗಿ ಕೂಡಿಕೊಳ್ಳುತ್ತದೆ. ಆ ಬಿರುಕುಗಳ ಮೇಲೆ ಆರೂವರೆ ಕೋಟಿ ವರ್ಷದ ಹಿಂದೆ ಹರಿದ ಲಾವಾ, ಅದರ ಮೇಲೆ ಎರೆಮಣ್ಣು. ಹಾಗಾಗಿ ಕಣ್ಣಿಗೆ ಬೀಳುವುದಿಲ್ಲ. ಒಮ್ಮೆ ಜಾರಿದ ಬಿರುಕು ಮತ್ತೆ ಜಾರಲು ಸಾವಿರಾರು ವರ್ಷ ಹಿಡಿಯಬಹುದು. ಸಾವಿರ ವರ್ಷಕ್ಕೊಮ್ಮೆ ಆಗುವುದು ಊರಿನ ಲೆಕ್ಕದಲ್ಲಿ ಎಂದೂ ಆಗಿಲ್ಲದ್ದೇ. ಇನ್ನೊಂದು ಮಾತು: ಹಳೆಯ ಗಟ್ಟಿ ಬಂಡೆಯಲ್ಲಿ ಅಲೆಗಳು ಬೇಗ ಸೊರಗುವುದಿಲ್ಲ, ಆದ್ದರಿಂದ ಇಲ್ಲಿಯ ಕಂಪನ ಬಹಳ ದೂರ ತಟ್ಟುತ್ತದೆ. ಮದ್ದು ಹಾರಿಸಿದಂಥ ಸದ್ದಿನ ಮರ್ಮವೂ ಇದೇ ಬಂಡೆಯಲ್ಲಿದೆ. ಕಂಪನ ನೆಲದಡಿ ಕೆಲವೇ ಕಿ.ಮೀ. ಆಳದಲ್ಲಿ ಹುಟ್ಟಿದಾಗ ಮೊದಲ ಅಲೆ ನೆಲದಿಂದ ಗಾಳಿಗೆ ದಾಟಿ ಕಿವಿಗೆ ಕೇಳುತ್ತದೆ. ಒಳಗೇನೂ ಸ್ಫೋಟಿಸಿರುವುದಿಲ್ಲ.

ಮಳೆಗಾಲ ಮುಗಿದ ಮೇಲೆ ದಖ್ಖನಿನ ಹಲವೆಡೆ ಸಣ್ಣ ಕಂಪನಗಳು ಗುಂಪಾಗಿ ಬರುತ್ತವೆ. ನೀರು ಬಿರುಕುಗಳಿಗೆ ಇಳಿದು, ಅಲ್ಲಿಯ ಒತ್ತಡ ಏರಿ, ಮೊದಲೇ ಬಿಗಿದಿದ್ದ ಬಂಡೆ ಚೂರು ಸರಿಯುತ್ತದೆ. ದೊಡ್ಡ ಜಲಾಶಯವೂ ಹೀಗೆ ಮಾಡಬಲ್ಲದು. 1967ರ ಡಿಸೆಂಬರ್ 11ರ ನಸುಕಿನಲ್ಲಿ ಕೊಯ್ನಾದಲ್ಲಿ ಆದ 6.3ರ ಭೂಕಂಪವೇ ಅದಕ್ಕೆ ಜಗತ್ತಿನ ಪಠ್ಯಪುಸ್ತಕಗಳ ಉದಾಹರಣೆ. ಮಳೆಯಿಂದಲೋ ಡ್ಯಾಮಿನಿಂದಲೋ ಎಂದು ಚಹಾದಂಗಡಿಯಲ್ಲಿ ಬೇಕಾದಷ್ಟು ವಾದ ಮಾಡಬಹುದು. ಗೋಡೆಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಸಣ್ಣವು ಬಂದರೆ ದೊಡ್ಡದು ಬರುತ್ತದೆಯೇ? ಕಿಲ್ಲಾರಿಯಲ್ಲಿ 1992ರಲ್ಲಿ ತಿಂಗಳುಗಟ್ಟಲೆ ಸಣ್ಣ ಕಂಪನ ಆಗಿದ್ದವು, ಮರುವರ್ಷ ದೊಡ್ಡದು ಬಂತು. ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ 2018ರ ನವೆಂಬರಿನಿಂದ ಸಾವಿರಾರು ಸಣ್ಣ ಕಂಪನ ಆದವು, ಕಿಲ್ಲಾರಿಯಂಥದು ಬರಲಿಲ್ಲ. ಬಹಳ ಕಡೆ ಪಾಲ್ಘರಿನ ಹಾಗೇ ಆಗುತ್ತದೆ. ದಿನ, ವೇಳೆ ಹೇಳುವ ವಿದ್ಯೆ ಜಗತ್ತಿನಲ್ಲಿ ಯಾರ ಬಳಿಯೂ ಇಲ್ಲ. ಹೇಳುವವನು ಬುರುಡೆ ಬಿಡುತ್ತಿದ್ದಾನೆ. ‘ಸಣ್ಣವು ಆಗ್ತಾ ಇದ್ರೆ ಒತ್ತಡ ಇಳಿದು ಹೋಗ್ತದೆ, ಒಳ್ಳೇದೇ’ ಎಂಬ ಸಮಾಧಾನವೂ ಲೆಕ್ಕಕ್ಕೆ ಕೂಡುವುದಿಲ್ಲ. ತೀವ್ರತೆ ಒಂದು ಅಂಕೆ ಏರಿದರೆ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. 6.2ರ ಒಂದು ಕಂಪನದ ಶಕ್ತಿ ಇಳಿಯಲು 4.4ರವು ಸುಮಾರು 500 ಆಗಬೇಕು.

ಇನ್ನು ಗೋಡೆಗೆ ಬರೋಣ. ನಮ್ಮ ಹಳ್ಳಿಯ ಕಲ್ಲುಗೋಡೆ ನೋಡಲಿಕ್ಕೆ ಒಂದು, ಒಳಗೆ ಎರಡು. ಹೊರಮುಖಕ್ಕೊಂದು ಪದರು, ಒಳಮುಖಕ್ಕೊಂದು ಪದರು, ನಡುವೆ ಚಕ್ಕೆಗಲ್ಲು ಮತ್ತು ಮಣ್ಣು. ಎರಡೂ ಪದರನ್ನು ಹಿಡಿದಿಡುವ ಉದ್ದಗಲ್ಲು ಇರುವುದಿಲ್ಲ, ಅಥವಾ ಮೂಲೆಯಲ್ಲಿ ಮಾತ್ರ ಇರುತ್ತದೆ. ಗೋಡೆ ಅಡ್ಡಕ್ಕೆ ಅಲುಗಿದಾಗ ನಡುವಿನ ಮಣ್ಣು ಕೆಳಕ್ಕೆ ಜಗ್ಗಿ ಎರಡೂ ಪದರುಗಳನ್ನು ಹೊರಕ್ಕೆ ನೂಕುತ್ತದೆ. ಗೋಡೆ ಹೊಟ್ಟೆ ಬಿಡುತ್ತದೆ, ಮುಂದಿನ ಅಲುಗಾಟಕ್ಕೆ ಒಂದು ಪದರು ಕಳಚುತ್ತದೆ. ಒಳಗಿನ ಪದರು ಮಲಗಿದವರ ಮೇಲೆ, ಅದರ ಬೆನ್ನಿಗೆ ಜಂತಿ, ಜಂತಿಯ ಬೆನ್ನಿಗೆ ಮಾಳಿಗೆ. ಆ ಮಾಳಿಗೆಯ ತೂಕ ಒಮ್ಮೆ ಲೆಕ್ಕ ಹಾಕಿ. ಸೋರಬಾರದೆಂದು ಪ್ರತಿ ಮಳೆಗಾಲದ ಮುಂಚೆ ಹೊಸ ಮಣ್ಣು ಹಾಕಿ ಬಡಿಯುತ್ತಾರೆ, ಹಳೆಯದನ್ನು ತೆಗೆಯುವುದಿಲ್ಲ. ಹತ್ತಿಪ್ಪತ್ತು ವರ್ಷದಲ್ಲಿ ಒಂಬತ್ತಿಂಚು ಇದ್ದದ್ದು ಒಂದೂವರೆ ಅಡಿ ಆಗುತ್ತದೆ. ಒಂದೂವರೆ ಅಡಿ ಮಣ್ಣು ಒಂದು ಚದರ ಮೀಟರಿಗೆ ಸುಮಾರು 750 ಕಿಲೊ. 10ಕ್ಕೆ 12 ಅಡಿಯ ಒಂದು ಕೋಣೆಯ ಮೇಲೆ ಎಂಟು ಟನ್ನಿಗೂ ಹೆಚ್ಚು. ಅದೇ ಕೋಣೆಯ ನಾಲ್ಕಿಂಚಿನ ಸ್ಲ್ಯಾಬ್ ಮೂರು ಟನ್ ಕೂಡ ಆಗುವುದಿಲ್ಲ. ಭೂಕಂಪದ ನೂಕುಬಲ ತೂಕಕ್ಕೆ ತಕ್ಕಂತೆ: ತೂಕ ಅರ್ಧ ಆದರೆ ನೂಕುವುದೂ ಅರ್ಧ. ಕಿಲ್ಲಾರಿಯ ಸುತ್ತ ಶ್ರೀಮಂತರ ದಪ್ಪ ಗೋಡೆಯ ವಾಡೆಗಳು ಕುಸಿದವು, ಬಡವರ ಗುಡಿಸಲುಗಳು ನಿಂತವು.

ಇಷ್ಟಾದರೂ ಕಲ್ಲಿನದು ತಪ್ಪಿಲ್ಲ. ಕಟ್ಟುವ ರೀತಿ ಬದಲಾದರೆ ಸಾಕು. ಹೊಸದಾಗಿ ಕಲ್ಲಿನಲ್ಲೇ ಕಟ್ಟುವವರು ಗೋಡೆಯನ್ನು ಒಂದೂವರೆ ಅಡಿಗಿಂತ ದಪ್ಪ ಮಾಡಬಾರದು. ದಪ್ಪ ಹೆಚ್ಚಾದಷ್ಟೂ ಎರಡು ಪದರು ಬೇರೆ ಬೇರೆಯಾಗಿಯೇ ಏಳುತ್ತವೆ. ಎತ್ತರದಲ್ಲಿ ಪ್ರತಿ ಎರಡು ಅಡಿಗೆ, ಉದ್ದದಲ್ಲಿ ಪ್ರತಿ ನಾಲ್ಕು ಅಡಿಗೆ ಒಂದೊಂದು ಉದ್ದಗಲ್ಲು, ಗೋಡೆಯ ಆಚೆ ಮುಖದಿಂದ ಈಚೆ ಮುಖದವರೆಗೆ. ಅಷ್ಟುದ್ದದ ಕಲ್ಲು ಸಿಗದಿದ್ದರೆ ಎಂಟು ಎಂಎಂ ಸಳಿಯನ್ನು ಎಸ್ ಆಕಾರಕ್ಕೆ ಬಗ್ಗಿಸಿ, ಸುತ್ತ ಕಾಂಕ್ರೀಟ್ ಹಾಕಿ, ಕಲ್ಲಿನ ಬದಲು ಕೂರಿಸಬಹುದು. ಅಡ್ಡಗೋಡೆ ಇಲ್ಲದೆ ಗೋಡೆ 16 ಅಡಿಗಿಂತ ಉದ್ದ ಓಡಬಾರದು. ಬಾಗಿಲು, ಕಿಟಕಿ ಮೂಲೆಯಿಂದ ಕನಿಷ್ಠ ಎರಡಡಿ ದೂರ ಇರಲಿ. ವಾಸ್ತುವಿಗಾಗಿ ಬಾಗಿಲನ್ನು ಮೂಲೆಗೆ ತಳ್ಳುವುದು ಈಗಿನ ಚಾಳಿ. ಎರಡು ಗೋಡೆ ಕೈ ಹಿಡಿದುಕೊಳ್ಳುವ ಜಾಗವನ್ನೇ ಅದು ತಿಂದುಹಾಕುತ್ತದೆ. ಎರೆಹೊಲದಲ್ಲಿ ಕಟ್ಟುವವರು ಗರಸು ಸಿಗುವವರೆಗೆ ಪಾಯ ತೋಡಲಿ, ಪಾಯದ ಮೇಲೆಯೂ ಸಳಿ ಹಾಕಿದ ಒಂದು ಕಾಂಕ್ರೀಟ್ ಪಟ್ಟಿ ಕಟ್ಟಲಿ. ಎರೆಮಣ್ಣು ಮಳೆಗೆ ಉಬ್ಬಿ ಬೇಸಗೆಗೆ ಬಾಯಿ ಬಿಟ್ಟು ಗೋಡೆಯನ್ನು ಮೊದಲೇ ಸೀಳಿರುತ್ತದೆ. ಅಲುಗಾಟ ಬಂದಾಗ ಅದೇ ಸೀಳಿನಿಂದ ಮನೆ ಬಿಚ್ಚಿಕೊಳ್ಳುತ್ತದೆ.

ಕಲ್ಲಿರಲಿ, ಇಟ್ಟಿಗೆ ಇರಲಿ, ಸಿಮೆಂಟ್ ಬ್ಲಾಕ್ ಇರಲಿ, ಎಲ್ಲಕ್ಕೂ ಬೇಕಾದ್ದು ಲಿಂಟಲ್ ಪಟ್ಟಿ. ಚಕ್ಕಡಿಯ ಗಾಲಿಗೆ ಸುತ್ತ ಬಿಗಿದ ಕಬ್ಬಿಣದ ಹಳಿ ಏನು ಮಾಡುತ್ತದೋ ಮನೆಗೆ ಈ ಪಟ್ಟಿ ಅದನ್ನೇ ಮಾಡುತ್ತದೆ. ನಾಲ್ಕು ಗೋಡೆಗಳು ನಾಲ್ಕು ದಿಕ್ಕಿಗೆ ಬೀಳದಂತೆ ಒಟ್ಟಿಗೆ ಬಿಗಿಯುತ್ತದೆ. ಮೂರಿಂಚು ದಪ್ಪ, ಗೋಡೆಯಷ್ಟೇ ಅಗಲ, ಎರಡು ಎಂಟು ಎಂಎಂ ಸಳಿ, ಆರಿಂಚಿಗೊಂದರಂತೆ ಆರು ಎಂಎಂ ಅಡ್ಡಕಡ್ಡಿ. ಮೂರನೇ ವಲಯದ ಸಾದಾ ಮನೆಗೆ ಇಷ್ಟು ಸಾಕು. 20ಕ್ಕೆ 30 ಅಡಿ ಮನೆಯ ಸುತ್ತಳತೆ ನೂರು ಅಡಿ. ಒಂಬತ್ತಿಂಚಿನ ಗೋಡೆಗೆ ಜೋಡಣೆಯೂ ಸೇರಿ ಎಂಟು ಎಂಎಂ ಸಳಿ 28 ಕಿಲೊ, ಅಡ್ಡಕಡ್ಡಿ ಹೆಚ್ಚೆಂದರೆ 15 ಕಿಲೊ, ಸಿಮೆಂಟ್ ಐದು ಚೀಲ. ಒಳಗೋಡೆಗಳಿಗೆ ಇದರ ಅರ್ಧ ಸೇರಿಸಿಕೊಳ್ಳಿ. ಬಾಗಿಲು ಕಿಟಕಿಗಳ ಮೇಲೆ ಹೇಗೂ ಲಿಂಟಲ್ ಹಾಕಲೇಬೇಕು, ಆ ಖರ್ಚನ್ನು ಇದರಲ್ಲೇ ಕಳೆಯಿರಿ. ಮುಂಬಾಗಿಲಿನ ಕೆತ್ತನೆಗೆ ಸುರಿಯುವ ದುಡ್ಡಿನ ಮುಂದೆ ಇದು ಏನೂ ಅಲ್ಲ.

ಕೆಡುವುದು ಎಲ್ಲಿ? ಮೊದಲನೆಯದಾಗಿ, ಬಾಗಿಲು ಕಿಟಕಿಯ ಮೇಲೆ ಆರಿಂಚು ಹೊರಚಾಚಿದ ತುಂಡು ಲಿಂಟಲ್ ಹಾಕಿ ‘ಲಿಂಟಲ್ ಆಯ್ತು’ ಅನ್ನುತ್ತಾರೆ. ಅದು ಕಿಟಕಿಯ ಭಾರ ಹೊರುತ್ತದೆ, ಮನೆಯನ್ನು ಕಟ್ಟಿಹಾಕುವುದಿಲ್ಲ. ಪಟ್ಟಿ ಸುತ್ತಲೂ ಇದ್ದಾಗಲೂ ಮೂಲೆಯಲ್ಲಿ ಸಳಿಯನ್ನು ಕತ್ತರಿಸಿ, ಎರಡೂ ಗೋಡೆಯ ಸಳಿಗಳನ್ನು ಒಂದರ ಮೇಲೊಂದು ಇಟ್ಟು ಬಿಡುವುದುಂಟು. ಮೂಲೆಯೇ ಮೊದಲು ಬಿಡುವ ಜಾಗ. ಸಳಿ ಬಗ್ಗಿ ಪಕ್ಕದ ಗೋಡೆಯೊಳಗೆ ಕನಿಷ್ಠ ಒಂದೂವರೆ ಅಡಿ ಹೋಗಬೇಕು, ಜೋಡಣೆ ಮೂಲೆ ಬಿಟ್ಟು ನಡುವೆ ಎಲ್ಲಾದರೂ ಇರಲಿ. ಸಳಿಯನ್ನು ಇಟ್ಟಿಗೆಯ ಮೇಲೆ ಹಾಗೇ ಮಲಗಿಸಿ ಕಾಂಕ್ರೀಟ್ ಸುರಿದರೆ ಕೆಳಬದಿ ಬತ್ತಲೆ ಉಳಿದು ತುಕ್ಕು ಹಿಡಿಯುತ್ತದೆ. ಕೆಳಗೆ ಒಂದಿಂಚಿನ ಕವರ್ ಬಿಲ್ಲೆ ಇಡಿ. ಕಾಂಕ್ರೀಟಿಗೆ ಮತ್ತು ಅದನ್ನು ನೆನೆಸಲಿಕ್ಕೆ ಸವಳು ಬೋರಿನ ನೀರು ಬೇಡ, ಡೋಣಿ ನದಿ ದಂಡೆಯ ಊರುಗಳವರು ಇದನ್ನು ಗಮನಿಸಬೇಕು. ಏಳು ದಿನವಾದರೂ ನೆನೆಸಬೇಕು. ಕೊನೆಗೆ, ಎಲ್ಲ ಚೆನ್ನಾಗಿ ಮಾಡಿ ಮುಗಿದ ಮೇಲೆ ವೆಂಟಿಲೇಟರಿಗೆಂದೋ ಪೈಪಿಗೆಂದೋ ಪಟ್ಟಿಯನ್ನೇ ಕಡಿಯುತ್ತಾರೆ. ಒಂದು ಕಡೆ ತುಂಡಾದ ಹಳಿ ಗಾಲಿಗೆ ಏನು ಉಪಯೋಗ?

ಇವೆಲ್ಲ ಕಾಂಕ್ರೀಟ್ ಬಿದ್ದ ಮೇಲೆ ಕಾಣುವುದಿಲ್ಲ. ಫೋಟೊ ಮೊದಲು ತೆಗೆಯಿರಿ ಎಂದು ಕೇಳುತ್ತಿರುವುದು ಅದಕ್ಕೇ. ಈಗ ತೆಗೆಯುವ ಫೋಟೊದಲ್ಲಿ ಫಲಾನುಭವಿ ನಿಂತಿರುತ್ತಾರೆ, ಹಿಂದೆ ಗೋಡೆ ಇರುತ್ತದೆ. ಗೋಡೆ ಎದ್ದಿದೆ ಎಂಬುದಕ್ಕೆ ಅದು ಪುರಾವೆ, ನಿಲ್ಲುತ್ತದೆ ಎಂಬುದಕ್ಕಲ್ಲ. ಅದರ ಜೊತೆ ಎರಡು ಚಿತ್ರ ಸೇರಲಿ: ಒಂದು ಮೂಲೆಯ ಸಳಿ ಹತ್ತಿರದಿಂದ, ಇನ್ನೊಂದು ಏಣಿಯ ಮೇಲಿಂದ ಇಡೀ ಸುತ್ತು.

ಈಗಾಗಲೇ ನಿಂತಿರುವ ಮಾಳಿಗೆ ಮನೆಗಳನ್ನು ಕೆಡವಿ ಎನ್ನುವುದು ಆಗದ ಮಾತು. ಅಲ್ಲಿ ಕೆಲಸದ ಅನುಕ್ರಮ ಮುಖ್ಯ. ಮೊದಲು ಮಾಳಿಗೆಯ ಹೆಚ್ಚಿನ ಮಣ್ಣು ಇಳಿಸಿ. ಒಂದೇ ಬದಿಯಿಂದ ತೆಗೆಯುತ್ತ ಹೋದರೆ ಜಂತಿ ವಾಲುತ್ತವೆ, ಆದ್ದರಿಂದ ಎಲ್ಲ ಕಡೆಯಿಂದ ಸಮನಾಗಿ, ಕೆಳಗೆ ಯಾರೂ ಇಲ್ಲದಾಗ. ಆರರಿಂದ ಎಂಟು ಇಂಚು ಉಳಿಸಿ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ಎರಡಿಂಚು ಮಣ್ಣು ಮೆತ್ತಿ. ಸೋರುವುದನ್ನು ಹಾಳೆ ತಡೆಯುತ್ತದೆ, ಪ್ರತಿ ವರ್ಷ ಮಣ್ಣು ಏರಿಸುವ ಕೆಲಸವೂ ತಪ್ಪುತ್ತದೆ. ಜಂತಿಗಳನ್ನು ತೊಲೆಗೆ, ತೊಲೆಯನ್ನು ಕಂಬಕ್ಕೆ ಕಬ್ಬಿಣದ ಪಟ್ಟಿ ಬಡಿದು ಬಿಗಿಯಿರಿ. ಆಮೇಲೆ ಗೋಡೆ. ಎತ್ತರಕ್ಕೂ ಉದ್ದಕ್ಕೂ ಸುಮಾರು ಮೂರಡಿಗೊಂದು ಜಾಗ ಗುರುತಿಸಿ, ಸಣ್ಣ ಕಲ್ಲುಗಳನ್ನು ಮೆಲ್ಲಗೆ ಸಡಿಲಿಸಿ ತೆಗೆದು, ಆರಪಾರ ಮೂರಿಂಚಿನ ತೂತು ಮಾಡಿ. ಸುತ್ತಿಗೆಯಿಂದ ಬಡಿಯಬೇಡಿ, ಪಕ್ಕದ ಕಲ್ಲು ಕದಲುತ್ತದೆ. ಎರಡೂ ತುದಿಗೆ ಕೊಕ್ಕೆ ಮಾಡಿದ ಎಂಟು ಎಂಎಂ ಸಳಿ ಇಟ್ಟು, ಒಂದು ಪಾಲು ಸಿಮೆಂಟ್, ಎರಡು ಉಸುಕು, ನಾಲ್ಕು ಸಣ್ಣ ಕಡಿಯ ಕಾಂಕ್ರೀಟ್ ತುಂಬಿ, ಹತ್ತು ದಿನ ನೆನೆಸಿ. ಈ ಕೆಲಸ ಮುಗಿದ ಮೇಲೆ ಲಿಂಟಲ್ ಮಟ್ಟದಲ್ಲಿ ಒಳಗೂ ಹೊರಗೂ ಒಂದಡಿ ಅಗಲದ ಪಟ್ಟಿ: ಸಂದುಗಳನ್ನು ಮುಕ್ಕಾಲಿಂಚು ಕೆರೆದು, ತೊಳೆದು, ಸಿಮೆಂಟ್ ಹಾಲು ಬಳಿದು, ಒಂದಕ್ಕೆ ಮೂರರ ಅರ್ಧ ಇಂಚು ಗಿಲಾವು, ಅದರ ಮೇಲೆ ವೆಲ್ಡ್ ಜಾಳಿಗೆ, ಅಡಿಗೊಂದು ಆರಿಂಚಿನ ಮೊಳೆ, ಮೇಲೆ ಇನ್ನೊಂದು ಗಿಲಾವು. ಜಾಳಿಗೆ ಮೂಲೆಯಲ್ಲಿ ನಿಲ್ಲದೆ ತಿರುಗಬೇಕು. ಮಣ್ಣಿನ ಮೇಲೆ ಬರೀ ಸಿಮೆಂಟ್ ಗಿಲಾವು ಮಾಡಿಸಿ ಮನೆ ಗಟ್ಟಿಯಾಯಿತು ಅಂದುಕೊಂಡವರು ಬಹಳ ಮಂದಿ. ಅದು ಗೋಡೆಯ ಹೊಟ್ಟೆ ಕಾಣದಂತೆ ಹೊದಿಸಿದ ದುಪ್ಪಟಿ, ಅಷ್ಟೇ.

ತಗಡಿನ ಮನೆಯವರಿಗೆ ಒಂದೇ ಮಾತು. ಗಾಳಿಗೆ ಹಾರದಿರಲೆಂದು ಪತ್ರಾಸಿನ ಮೇಲೆ ಇಟ್ಟ ಕಲ್ಲುಗಳನ್ನು ಇಳಿಸಿ, ಜೆ-ಹುಕ್ಕು ಮತ್ತು ವಾಶರ್ ಹಾಕಿ ಬಿಗಿಯಿರಿ.

ಪೇಟೆಯ ಕಾಲಂ-ಬೀಮ್ ಕಟ್ಟಡಗಳ ಬಗ್ಗೆ ಬೇರೆಯೇ ಪತ್ರ ಬರೆಯಬೇಕು. ಪರವಾನಿಗೆ ಕೊಡುವವರು ಸದ್ಯಕ್ಕೆ ಮೂರು ಸಂಗತಿ ನೋಡಲಿ. ಒಂಬತ್ತಿಂಚಿನ ಕಾಲಂ ಗೋಡೆಯಲ್ಲಿ ಮುಚ್ಚಿಹೋಗಿ ಚೆಂದ ಕಾಣುತ್ತದೆ, ಆದರೆ ಕಾಂಕ್ರೀಟ್ ಚೌಕಟ್ಟಿನ ಭೂಕಂಪ ಸಂಹಿತೆ ಐಎಸ್ 13920 ಕೇಳುವುದು ಕನಿಷ್ಠ 300 ಎಂಎಂ, ಅಂದರೆ ಹನ್ನೆರಡಿಂಚು. ಕಾಲಮಿನ ಸಳಿಗಳನ್ನು ಸುತ್ತುವ ರಿಂಗಿನ ತುದಿ 90 ಡಿಗ್ರಿಗೆ ಬಗ್ಗಿದ್ದರೆ ಅಲುಗಾಟಕ್ಕೆ ಬಿಚ್ಚಿಕೊಳ್ಳುತ್ತದೆ. 135 ಡಿಗ್ರಿಗೆ ಬಗ್ಗಿ ಒಳಗೆ ಹೋಗಬೇಕು, ಕಾಲಮಿನ ಮೇಲ್ತುದಿ ಕೆಳತುದಿಗಳಲ್ಲಿ ಒಂದು ರಿಂಗಿನಿಂದ ಇನ್ನೊಂದು ನಾಲ್ಕಿಂಚಿಗಿಂತ ದೂರ ಇರಬಾರದು. ಮೂರನೆಯದು, ಕೆಳಗೆ ಗೋಡೆಯೇ ಇಲ್ಲದ ಅಂಗಡಿ ಸಾಲು, ಮೇಲೆ ಮೂರು ಅಂತಸ್ತು ಮನೆ. 2001ರ ಭುಜ್ ಭೂಕಂಪದಲ್ಲಿ ಅಹಮದಾಬಾದಿನಲ್ಲಿ ಬಿದ್ದ ಕಟ್ಟಡಗಳಲ್ಲಿ ಕೆಳಗೆ ತೆರೆದ ಪಾರ್ಕಿಂಗ್ ಇದ್ದವೇ ಬಹಳ. ಕೇಂದ್ರದಿಂದ ಅಹಮದಾಬಾದ್ 200 ಕಿ.ಮೀ.ಗೂ ಹೆಚ್ಚು ದೂರ.

‘ಗೋಳಗುಮ್ಮಟ ಮುನ್ನೂರೈವತ್ತು ವರ್ಷದಿಂದ ನಿಂತಿಲ್ಲವೇ’ ಎಂದು ಕೇಳುವವರು ಇದ್ದೇ ಇರುತ್ತಾರೆ. ನಿಂತಿದೆ. ಅದರ ಗೋಡೆ ಸುಮಾರು ಹತ್ತಡಿ ದಪ್ಪ, ಗಾರೆ ಸುಣ್ಣದ್ದು, ನಕ್ಷೆ ನಾಲ್ಕೂ ಕಡೆ ಸಮ. ಅಂಥ ಮನೆ ಕಟ್ಟಿಸಿಕೊಂಡವರು ಈ ಪತ್ರ ಓದಬೇಕಿಲ್ಲ.

ಶಾಲೆ ಮತ್ತು ಅಂಗನವಾಡಿಗಳಿಗೆ ನಿಯಮ ಒಂದು ಮೆಟ್ಟಿಲು ಮೇಲಿದೆ. ಲಿಂಟಲ್ ಪಟ್ಟಿಯ ಜೊತೆ ಪ್ರತಿ ಮೂಲೆಯಲ್ಲೂ ಪಾಯದಿಂದ ಛಾವಣಿಯವರೆಗೆ ಹತ್ತು ಎಂಎಂ ನಿಂತ ಸಳಿ ಬೇಕು. ಹಳೆಯ ಕಲ್ಲುಗೋಡೆಯ ಶಾಲೆಗಳ ಪಟ್ಟಿ ಮಾಡಲು ಹೊಸ ಸಮಿತಿ ಬೇಕಿಲ್ಲ. ಪ್ರತಿ ತಾಲ್ಲೂಕಿನ ಎಂಜಿನಿಯರ್ ಬೇಸಗೆ ರಜೆಯಲ್ಲಿ ಒಂದೊಂದನ್ನೂ ನೋಡಿ, ಹೊಟ್ಟೆ ಬಿಟ್ಟ ಗೋಡೆ ಎಲ್ಲಿದೆ, ಮೂಲೆಯ ಸೀಳು ಎಲ್ಲಿದೆ ಎಂದು ಬರೆದರೆ ಸಾಕು. ಪುಸ್ತಕದ ಕಪಾಟುಗಳನ್ನು ಎರಡು ಎಲ್-ಪಟ್ಟಿ ಹಾಕಿ ಗೋಡೆಗೆ ಬಿಗಿಯಲು ಯಾರ ಮಂಜೂರಾತಿಯೂ ಬೇಡ.

ಕಂಪನ ಪದೇ ಪದೇ ಆಗುತ್ತಿರುವ ದಿನಗಳಲ್ಲಿ ಜನರಿಗೆ ಏನು ಹೇಳಬೇಕು? ಮೇಜಿನ ಕೆಳಗೆ ಕುಳಿತುಕೊಳ್ಳಿ ಎಂಬ ಸಲಹೆ ಕಾಂಕ್ರೀಟ್ ಚೌಕಟ್ಟಿನ ಕಟ್ಟಡಕ್ಕೆ ಸರಿ. ಎಂಟು ಟನ್ ಮಣ್ಣಿನ ಕೆಳಗೆ ಮೇಜು ಏನು ಮಾಡೀತು? ಮಾಳಿಗೆ ಮನೆಯಲ್ಲಿ ಬಾಗಿಲು ನಾಲ್ಕು ಹೆಜ್ಜೆಯಲ್ಲಿದ್ದು, ಹೊರಗೆ ಬಯಲಿದ್ದರೆ ಹೊರಬೀಳುವುದೇ ಸರಿ. ಎದುರು ಮನೆಯ ಕುಂಬಿ ಬೀಳುವಷ್ಟು ಇಕ್ಕಟ್ಟಿನ ಓಣಿಯಲ್ಲಿ ನಿಲ್ಲಬಾರದು. ಅಂಥ ವಾರಗಳಲ್ಲಿ ರಾತ್ರಿ ಅಂಗಳದಲ್ಲೋ ತಗಡಿನ ಶೆಡ್ಡಿನಲ್ಲೋ ಮಲಗಿ, ಒಳಗೆ ಮಲಗಲೇಬೇಕಾದರೆ ಹಾಸಿಗೆ ಉದ್ದ ಗೋಡೆಯಿಂದ ದೂರ ಇರಲಿ, ಬಾಗಿಲಿಗೆ ಒಳಗಿಂದ ಬೀಗ ಬೇಡ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಕೊಡುವ ವೇಳೆ, ಸ್ಥಳ, ಆಳದ ವಿವರವನ್ನು ಒಂದು ತಾಸಿನೊಳಗೆ ಪಂಚಾಯತಿ ಗುಂಪುಗಳಿಗೆ ಕಳಿಸಿ. ಖರೆ ಸುದ್ದಿ ತಡವಾದಷ್ಟೂ ಸುಳ್ಳು ಊರು ಸುತ್ತುತ್ತದೆ.

ಹಣ ಕೊಟ್ಟರೆ ಸಾಕು, ಜನ ಮಾಡಿಕೊಳ್ಳುತ್ತಾರೆ ಎಂದು ಮಹಾರಾಷ್ಟ್ರ ಒಮ್ಮೆ ನಂಬಿ ನೋಡಿದೆ. ಕಿಲ್ಲಾರಿಯ ನಂತರ ಹಳೆಯ ಮನೆ ಬಲಪಡಿಸಲು ಕೊಟ್ಟ ನೆರವಿನಲ್ಲಿ ಬಹಳ ಮಂದಿ ಪಕ್ಕಕ್ಕೊಂದು ಹೊಸ ಕೋಣೆ ಕಟ್ಟಿಕೊಂಡರು, ಕಲ್ಲುಗೋಡೆ ಇದ್ದ ಹಾಗೇ ಉಳಿಯಿತು. ಅವರನ್ನು ದೂರುವಂತಿಲ್ಲ. ಗೋಡೆಯೊಳಗೆ ಸೇರಿಹೋಗುವ ಸಳಿಗಿಂತ ಕಣ್ಣಿಗೆ ಕಾಣುವ ಕೋಣೆ ಯಾರಿಗಾದರೂ ಲಾಭವೆನಿಸುತ್ತದೆ. ಆದ್ದರಿಂದಲೇ ನಾವು ಹೊಸ ಅನುದಾನ ಕೇಳುತ್ತಿಲ್ಲ, ಇರುವ ಕಂತಿಗೆ ಒಂದು ಷರತ್ತು ಕೇಳುತ್ತಿದ್ದೇವೆ. ಷರತ್ತಿನ ಮುಂಚೆ ಪ್ರತಿ ಪಂಚಾಯತಿಯ ಗೌಂಡಿಗಳನ್ನು ಎರಡು ದಿನ ಕರೆಸಿ, ಕೂಲಿ ಕೊಟ್ಟು, ಒಂದು ನಿಜವಾದ ಮನೆಯ ಮೇಲೆಯೇ ಪಟ್ಟಿ ಕಟ್ಟಿಸಿ ತೋರಿಸಿ. ಭಾಷಣ, ಪಿಪಿಟಿ ಬೇಡ.

ಒಂದು ಅಡಚಣೆಯನ್ನು ಈಗಲೇ ಹೇಳಿಬಿಡುತ್ತೇವೆ. ಸಳಿ ಕಟ್ಟಿದ ಮೇಲೆ ಗೌಂಡಿ ನಾಲ್ಕು ದಿನ ಕಾಯುವುದಿಲ್ಲ. ಅವನಿಗೆ ಬೇರೆ ಕೆಲಸ ಇರುತ್ತದೆ, ಮಾಲೀಕನಿಗೆ ಕೂಲಿ ಏರುತ್ತದೆ. ಫೋನ್ ಮಾಡಿದ ಮರುದಿನದೊಳಗೆ ಪಂಚಾಯತಿಯಿಂದ ಯಾರಾದರೂ ಬರಬೇಕು. ಬರಲಾಗದಿದ್ದರೆ ಮಾಲೀಕರೇ ಅಳತೆ ಟೇಪನ್ನು ಮೂಲೆಯ ಸಳಿಯ ಪಕ್ಕ ಹಿಡಿದು ತೆಗೆದ ಫೋಟೊ ನಡೆಯುತ್ತದೆ ಎಂದು ಆದೇಶದಲ್ಲೇ ಬರೆಯಿರಿ.

ಇಂತಿ,
ವಿಜಯಪುರ ಜಿಲ್ಲೆಯ ಕೆಲವು ಸಿವಿಲ್ ಎಂಜಿನಿಯರುಗಳು, ಗೌಂಡಿಗಳು ಮತ್ತು ಭೂವಿಜ್ಞಾನ ಕಲಿಸುವವರು